ಹುರುಪಿನ ಕಾರೂ ಮನೆಯ ಲೆಕ್ಕವೂ

ಮನೆಗೆ ಕಾರು ಕೊಳ್ಳುವ ಮಾತು ಎದ್ದೊಡನೆ ಮನೆಯೊಳಗೆ ಎರಡು ಪಕ್ಷಗಳು ಏರ್ಪಡುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಹಿರಿಯರು ಬೆಲೆಯೆಷ್ಟು, ಲೀಟರಿಗೆ ಎಷ್ಟು ಕಿಲೋಮೀಟರು ಓಡುವುದು, ಹಿಂದಿನ ಸೀಟಿನಲ್ಲಿ ಮೂವರು ಕುಳಿತುಕೊಳ್ಳಬಹುದೆ ಎಂದು ವಿಚಾರಿಸುವರು. ಕಿರಿಯರಾದರೋ, ಕಾರು ಚುರುಕಾಗಿರಬೇಕು, ತಿರುವಿನಲ್ಲಿ ಕೈಯ ಮಾತು ಕೇಳಬೇಕು, ಓಡಿಸಿದವರ ಮನಸ್ಸಿಗೆ ಉಲ್ಲಾಸವುಂಟಾಗಬೇಕು ಎನ್ನುವರು. ಒಂದು ಪಕ್ಷವು ಇನ್ನೊಂದರ ಬಯಕೆಯನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವುದು; ಇನ್ನೊಂದು ಮೊದಲನೆಯದರ ಎಚ್ಚರಿಕೆಯನ್ನು ಜಿಪುಣತನವೆಂದು ನಗುವುದು. ಕೊನೆಗೆ ಅಪ್ಪನ ಹಟ ಗೆದ್ದರೆ ಮಕ್ಕಳಿಗೆ ಬೇಡವಾದ ಕಾರು ಬರುವುದು. ಮಕ್ಕಳ ಹಟ ಗೆದ್ದರೆ ಮನೆಗೆ ತಾಳದ ಕಾರು ಬರುವುದು. ಎರಡರಲ್ಲಿಯೂ ನಷ್ಟ ಸಂಸಾರಕ್ಕೇ ಸರಿ.

ವ್ಯಾಪಾರಿಗಳು ‘ಸ್ಪೋರ್ಟಿ’ ಎಂದು ಹೆಸರಿಟ್ಟು ಮಾರುವ ಕಾರನ್ನು ನಾವಿಲ್ಲಿ ಹುರುಪಿನ ಕಾರೆಂದು ಕರೆಯೋಣ. ಹುರುಪನ್ನು ಬಯಸುವುದು ದೋಷವಲ್ಲ. ಚೆನ್ನಾಗಿ ಶ್ರುತಿಗೂಡಿದ ವೀಣೆಯನ್ನು ಬಯಸುವವನನ್ನು ನಾವು ದುಂದುಗಾರನೆನ್ನುವುದಿಲ್ಲವಷ್ಟೆ? ಆದರೆ ಆ ಕಾರು ನಡುದಾರಿಯಲ್ಲಿ ಕೈಬಿಡಬಾರದು. ಕೊಂಡ ಮೇಲೆ ತಿಂಗಳು ತಿಂಗಳೂ ಮನೆಯ ಬೊಕ್ಕಸವನ್ನು ಬರಿದುಮಾಡಬಾರದು. ಮನೆಮಂದಿಯ ಪ್ರಾಣಕ್ಕೆ ಅಪಾಯ ತರಬಾರದು. ಹುರುಪು, ನಂಬಿಕೆ, ಮಿತವ್ಯಯ ಈ ಮೂರೂ ಒಂದೇ ಕಾರಿನಲ್ಲಿ ದೊರೆಯುವುದುಂಟೆ? ಉಂಟೆಂದೇ ನಮ್ಮ ಅಭಿಪ್ರಾಯ. ಆದರೆ ಅದನ್ನು ಹುಡುಕುವವರು ಅಶ್ವಶಕ್ತಿಯ ಅಂಕಿಯನ್ನು ಮೊದಲು ನೋಡದೆ ಕೊನೆಗೆ ನೋಡಬೇಕು.

ಹುರುಪು ಎಲ್ಲಿಂದ ಹುಟ್ಟುವುದೆಂಬುದನ್ನು ತಿಳಿಯಲು ಸ್ವಲ್ಪ ಪೂರ್ವಚರಿತ್ರೆಯನ್ನು ನೋಡುವುದು ಒಳ್ಳೆಯದು. ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ಇಬ್ಬರು ಕುಳಿತುಕೊಳ್ಳುವ, ಮೇಲ್ಛಾವಣಿ ತೆರೆಯಬಹುದಾದ ಪುಟ್ಟ ಕಾರುಗಳು ಬಹಳವಾಗಿ ತಯಾರಾದವು. ೧೯೬೨ರಿಂದ ೧೯೮೦ರ ವರೆಗೆ ತಯಾರಾದ ಎಂಜಿಬಿ ಎಂಬ ಕಾರೊಂದೇ ಐದು ಲಕ್ಷಕ್ಕೂ ಮೇಲ್ಪಟ್ಟು ಮಾರಾಟವಾಯಿತು. ಅದೇ ೧೯೬೨ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ ಎಂಬ ಯಂತ್ರತಜ್ಞನು ಎಲಾನ್ ಎಂಬ ಕಾರನ್ನು ಹೊರತಂದನು. ಇಂಜಿನನ್ನು ದೊಡ್ಡದು ಮಾಡುವುದಕ್ಕಿಂತ ಕಾರಿನ ತೂಕವನ್ನು ಇಳಿಸುವುದೇ ಲೇಸೆಂಬುದು ಆತನ ಸಿದ್ಧಾಂತವಾಗಿದ್ದಿತು. ಎಲಾನಿನ ತೂಕ ೭೦೦ ಕಿಲೋಗ್ರಾಮಿನ ಒಳಗೇ ಇದ್ದಿತು. ತೂಕ ಕಡಿಮೆಯಾದರೆ ಕಾರು ಬೇಗ ಓಟಕ್ಕೇಳುವುದು, ಬೇಗ ನಿಲ್ಲುವುದು, ತಿರುವಿನಲ್ಲಿ ಹೊರಕ್ಕೆ ತಳ್ಳಲ್ಪಡುವುದು ಕಡಿಮೆಯಾಗುವುದು, ಟೈರೂ ಬ್ರೇಕೂ ಬೇಗ ಸವೆಯವು, ಪೆಟ್ರೋಲೂ ಉಳಿಯುವುದು. ಒಂದು ಗುಣದಿಂದ ಐದು ಲಾಭ.

ಆದರೆ ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಎಣ್ಣೆ ಸೋರುವುದು, ವಿದ್ಯುತ್ ತಂತಿಗಳು ಕೈಕೊಡುವುದು ಮೊದಲಾದ ಕಾಟಗಳು ಬಹಳವೆಂಬ ಅಪಖ್ಯಾತಿ ಇದ್ದಿತು. ಅವು ಭಾನುವಾರದ ಸಂತೋಷಕ್ಕೆ ಸರಿಯೇ ಹೊರತು ಸೋಮವಾರದ ಕೆಲಸಕ್ಕೆ ನಂಬಿಕೆಯವಲ್ಲವೆಂದು ಜನರು ತಿಳಿದಿದ್ದರು. ಈ ಕೊರತೆಯನ್ನು ತುಂಬಿದುದು ಜಪಾನಿನ ಹಿರೋಶಿಮಾ ಪ್ರಾಂತದ ಮಾಜ್ದಾ ಕಂಪನಿ. ೧೯೮೯ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಅದು ಎಂಎಕ್ಸ್-೫ ಎಂಬ ಕಾರನ್ನು ಜನರ ಮುಂದಿರಿಸಿತು. ಆಕಾರವು ಹಳೆಯ ಇಂಗ್ಲಿಷ್ ಕಾರುಗಳ ಮಾದರಿಯದು. ಇಂಜಿನು, ತಂತಿ, ಗೇರುಗಳೆಲ್ಲ ದಿನಬಳಕೆಯ ಜಪಾನೀ ಕಾರಿನ ಶಿಸ್ತಿನವು. ಇಂಜಿನು ೧,೬೦೦ ಸಿ.ಸಿ.ಯದು, ಶಕ್ತಿ ಸುಮಾರು ೧೧೫ ಅಶ್ವಶಕ್ತಿ, ತೂಕ ಒಂದು ಟನ್ನಿಗಿಂತ ಕಡಿಮೆ. ಸವಾರನೂ ಕುದುರೆಯೂ ಒಂದೇ ಮೈಯಾಗಿರಬೇಕೆಂಬ ಅರ್ಥದ ಜಪಾನೀ ನುಡಿಯೊಂದನ್ನು ಅದರ ನಿರ್ಮಾಪಕರು ಗುರಿಯಾಗಿಟ್ಟುಕೊಂಡಿದ್ದರು. ೨೦೧೬ರ ಏಪ್ರಿಲಿನಲ್ಲಿ ಹತ್ತು ಲಕ್ಷದ ಎಂಎಕ್ಸ್-೫ ಕಾರು ಕಾರ್ಖಾನೆಯಿಂದ ಹೊರಬಿದ್ದಿತು. ಇಬ್ಬರ ಸೀಟಿನ ಹುರುಪಿನ ಕಾರುಗಳಲ್ಲಿ ಇಷ್ಟು ಮಾರಾಟವಾದುದು ಬೇರೊಂದಿಲ್ಲ. ಅದಕ್ಕಿಂತ ಬಲಿಷ್ಠವಾದ ಕಾರುಗಳು ಪ್ರಪಂಚದಲ್ಲಿ ಎಷ್ಟೋ ಇದ್ದವು. ಜನರು ಇದನ್ನು ಮೆಚ್ಚಿದುದು ಬಲಕ್ಕಾಗಿ ಅಲ್ಲ. ಹಗುರಾಗಿದ್ದುದಕ್ಕೂ ಬೆಳಿಗ್ಗೆ ಕೀಲಿ ತಿರುಗಿಸಿದರೆ ತಪ್ಪದೆ ಓಡುತ್ತಿದ್ದುದಕ್ಕೂ.

ಆ ಕಾರು ನಮ್ಮ ದೇಶದ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದುದಲ್ಲ. ಇಬ್ಬರೇ ಕುಳಿತುಕೊಳ್ಳುವ ಕಾರು ಅಜ್ಜಿ ಮೊಮ್ಮಕ್ಕಳಿರುವ ನಮ್ಮ ಸಂಸಾರಗಳಿಗೆ ಹೊಂದುವುದೂ ಇಲ್ಲ. ಆದರೆ ಅದು ಕಲಿಸಿದ ಪಾಠ ನಮಗೂ ಸಲ್ಲುವುದು. ಇಲ್ಲಿಯ ಸಣ್ಣ ಕಾರುಗಳನ್ನು ರೂಪಿಸಿರುವುದು ಮುಖ್ಯವಾಗಿ ಸರ್ಕಾರದ ತೆರಿಗೆ. ೨೦೦೬ರಿಂದ ಈಚೆಗೆ, ನಾಲ್ಕು ಮೀಟರಿಗೆ ಮೀರದ ಉದ್ದವೂ ಪೆಟ್ರೋಲ್ ಇಂಜಿನಾದರೆ ೧,೨೦೦ ಸಿ.ಸಿ.ಗೆ ಮೀರದ ಗಾತ್ರವೂ ಉಳ್ಳ ಕಾರುಗಳಿಗೆ ತೆರಿಗೆಯಲ್ಲಿ ರಿಯಾಯಿತಿ ದೊರೆಯುತ್ತ ಬಂದಿದೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ಇಂಥ ಸಣ್ಣ ಕಾರಿಗೆ ಜಿ.ಎಸ್.ಟಿ. ನೂರಕ್ಕೆ ೧೮, ದೊಡ್ಡ ಪೆಟ್ರೋಲ್ ಕಾರಿಗೆ ನೂರಕ್ಕೆ ೪೦ ಎಂದು ನಿಗದಿಯಾಯಿತು. ಆದಕಾರಣ ನಮ್ಮಲ್ಲಿ ಕೈಗೆಟಕುವ ಹುರುಪಿನ ಕಾರೆಂದರೆ ಬಹುಮಟ್ಟಿಗೆ ಹಿಂಬಾಗಿಲಿನ ಪುಟ್ಟ ಹ್ಯಾಚ್‌ಬ್ಯಾಕ್ ಕಾರೇ ಆಗಿದೆ. ಇಷ್ಟರೊಳಗೇ ಬಲ ಹೆಚ್ಚಿಸಬೇಕೆಂದು ಕಂಪನಿಗಳು ಚಿಕ್ಕ ಇಂಜಿನಿಗೆ ಟರ್ಬೋ ಎಂಬ ಗಾಳಿಯೊತ್ತುವ ಯಂತ್ರವನ್ನು ಜೋಡಿಸುತ್ತಿವೆ. ೨೦೨೧ರಲ್ಲಿ ಬಂದ ಹ್ಯುಂಡೈ ಐ೨೦ ಎನ್ ಲೈನ್, ೨೦೨೪ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್ ಇವೆರಡೂ ಈ ಜಾತಿಯವು. ಎರಡರ ಶಕ್ತಿಯೂ ಸುಮಾರು ೧೨೦ ಅಶ್ವಶಕ್ತಿ.

ಇಲ್ಲಿ ನಾವು ಒಂದು ಚಿಕ್ಕ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ಕಾರಿನ ಅಶ್ವಶಕ್ತಿಯನ್ನು ಅದರ ತೂಕದಿಂದ ಭಾಗಿಸಿ, ಟನ್ನಿಗೆ ಎಷ್ಟು ಬೀಳುವುದೆಂದು ನೋಡಬೇಕು. ೨೦೧೩ರಲ್ಲಿ ನಮ್ಮ ದೇಶಕ್ಕೆ ಬಂದ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್ಐ ಕಾರಿಗೆ ೧೦೫ ಅಶ್ವಶಕ್ತಿಯ ಟರ್ಬೋ ಇಂಜಿನು. ತೂಕ ಸುಮಾರು ೧,೧೦೦ ಕಿಲೋ. ೨೦೧೮ರಲ್ಲಿ ಬಂದ ಮಾರುತಿ ಸ್ವಿಫ್ಟಿಗೆ ಟರ್ಬೋ ಇಲ್ಲದ ೮೩ ಅಶ್ವಶಕ್ತಿಯ ಇಂಜಿನು; ತೂಕ ಸುಮಾರು ೮೭೦ ಕಿಲೋ. ಭಾಗಿಸಿ ನೋಡಿದರೆ ಎರಡಕ್ಕೂ ಟನ್ನಿಗೆ ಸುಮಾರು ೯೫ ಬೀಳುವುದು! ಆದರೆ ಇದರಿಂದ ಎರಡೂ ಒಂದೇ ಎಂದು ತಿಳಿಯಬಾರದು. ಟಾರ್ಕ್ ಎಂದು ಕರೆಯುವ ಎಳೆತವು ಪೋಲೋದಲ್ಲಿ ೧೭೫, ಸ್ವಿಫ್ಟಿನಲ್ಲಿ ೧೧೩ ನ್ಯೂಟನ್ ಮೀಟರು. ಟರ್ಬೋ ಕಾರು ಇಂಜಿನು ಇನ್ನೂ ನಿಧಾನವಾಗಿ ತಿರುಗುತ್ತಿರುವಾಗಲೇ ಬಲವಾಗಿ ಎಳೆಯುವುದು. ಸಾಮಾನ್ಯ ಇಂಜಿನಿನ ಕಾರಿನಲ್ಲಿ ಗೇರು ಇಳಿಸಿ, ಇಂಜಿನನ್ನು ಚೆನ್ನಾಗಿ ತಿರುಗಿಸಿ, ಆ ಬಲವನ್ನು ಪಡೆಯಬೇಕು. ಓಡಿಸುವುದರಲ್ಲಿ ನಿಜವಾದ ಪ್ರೀತಿಯುಳ್ಳವರಿಗೆ ಈ ಕೆಲಸ ಹೊರೆಯಲ್ಲ. ದುಬಾರಿ ಕಾರು ಕೊಡುವುದೆಲ್ಲವನ್ನೂ ಅಗ್ಗದ ಕಾರು ಕೊಡದಿದ್ದರೂ ಮುಖ್ಯವಾದುದನ್ನು ಕೊಡಬಲ್ಲುದೆಂಬುದಿಷ್ಟೇ ನಮ್ಮ ಅಭಿಪ್ರಾಯ.

ಇನ್ನು ನಂಬಿಕೆಯ ವಿಚಾರ. ಯಂತ್ರದಲ್ಲಿ ಇಲ್ಲದ ಭಾಗವು ಕೆಡುವುದಿಲ್ಲ ಎಂಬುದನ್ನು ಮೊದಲು ನೆನಪಿನಲ್ಲಿಡಬೇಕು. ಟರ್ಬೋ ಯಂತ್ರದ ದಂಡವು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೇಲ್ಪಟ್ಟು ಸುತ್ತುವುದು. ಅದನ್ನು ಕಾಪಾಡುವುದು ಇಂಜಿನ್ ಎಣ್ಣೆಯ ತೆಳುವಾದ ಪದರವೊಂದೇ. ಕಂಪನಿ ಹೇಳಿದ ದರ್ಜೆಯ ಎಣ್ಣೆಯನ್ನು ಹೇಳಿದ ಅವಧಿಗೆ ಬದಲಾಯಿಸುವ ಮನೆಯಲ್ಲಿ ಅದು ಬಹುಕಾಲ ಬಾಳುವುದು. ಇನ್ನೆರಡು ತಿಂಗಳು ಹೋಗಲಿ ಎನ್ನುವ ಮನೆಯಲ್ಲಿ ಬಾಳದು. ಘಟ್ಟ ಹತ್ತಿ ಬಂದ ಕೂಡಲೆ ಇಂಜಿನು ಆರಿಸದೆ ಒಂದು ನಿಮಿಷ ಸುಮ್ಮನೆ ಓಡಗೊಡುವ ತಾಳ್ಮೆಯೂ ಬೇಕು. ತಾನೇ ಗೇರು ಬದಲಾಯಿಸುವ ಪೆಟ್ಟಿಗೆಗಳಲ್ಲಿ ಎರಡು ಒಣ ಕ್ಲಚ್ಚುಗಳುಳ್ಳ ಒಂದು ಬಗೆಯಿದೆ. ಗೇರು ಬೀಳುವ ಚುರುಕಿನಲ್ಲಿ ಅದಕ್ಕೆ ಸಮನಿಲ್ಲ. ಆದರೆ ನಿಂತು ನಿಂತು ತೆವಳುವ ನಗರಸಂಚಾರದಲ್ಲಿ ಅದು ಬಿಸಿಯಾಗುವುದು. ೨೦೧೩ರಲ್ಲಿ ಚೀನದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯು ಇದೇ ಬಗೆಯ ಗೇರುಪೆಟ್ಟಿಗೆಯ ತೊಂದರೆಗಾಗಿ ಮೂರು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ದಿನವೂ ಬೆಂಗಳೂರಿನ ಸಿಲ್ಕ್ ಬೋರ್ಡ್ ಕೂಡುರಸ್ತೆಯನ್ನು ದಾಟುವವರು ಇದನ್ನು ಯೋಚಿಸಬೇಕು. ಕೈಯಿಂದ ಬದಲಾಯಿಸುವ ಗೇರಿನಲ್ಲಿ ಸವೆಯುವುದು ಮುಖ್ಯವಾಗಿ ಕ್ಲಚ್ಚು. ಅದನ್ನು ಊರೂರಿನ ಮೇಸ್ತ್ರಿಯೂ ಬದಲಾಯಿಸಬಲ್ಲನು.

ನಂಬಿಕೆಗೆ ಇನ್ನೊಂದು ಮುಖವುಂಟು. ಕಾರು ಗಟ್ಟಿಯಾಗಿದ್ದರೆ ಸಾಲದು; ಅದನ್ನು ಮಾಡಿದ ಕಂಪನಿಯೂ ದೇಶದಲ್ಲಿ ನೆಲೆಯಾಗಿ ನಿಲ್ಲಬೇಕು. ೨೦೧೫ರಲ್ಲಿ ಫಿಯೆಟ್ ಕಂಪನಿಯು ೧೪೫ ಅಶ್ವಶಕ್ತಿಯ ಅಬಾರ್ತ್ ಪುಂಟೋ ಎಂಬ ಕಾರನ್ನು ನಮ್ಮಲ್ಲಿ ಮಾರಿತು. ಓಡಿಸಬಲ್ಲವರಿಗೆ ಅದು ಹಬ್ಬದೂಟದಂತಿತ್ತು. ಕೆಲವೇ ವರ್ಷಗಳಲ್ಲಿ ಫಿಯೆಟ್ ಕಾರುಗಳ ಮಾರಾಟವೇ ಇಲ್ಲಿ ನಿಂತಿತು. ಷೆವ್ರೊಲೆ ಕಾರುಗಳ ಮಾರಾಟವನ್ನು ಜನರಲ್ ಮೋಟಾರ್ಸ್ ೨೦೧೭ರಲ್ಲಿ ನಿಲ್ಲಿಸಿತು. ಫೋರ್ಡ್ ೨೦೨೧ರ ಸೆಪ್ಟೆಂಬರಿನಲ್ಲಿ ಇಲ್ಲಿಯ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಸೇವೆಯನ್ನು ಮುಂದುವರಿಸುವ ಭರವಸೆ ಕೊಟ್ಟರೂ, ಸೇವಾಕೇಂದ್ರಗಳು ವಿರಳವಾದಂತೆ ಬಿಡಿಭಾಗಕ್ಕೆ ಕಾಯುವ ದಿನಗಳು ಹೆಚ್ಚುವುದು ಸಹಜ. ಮರುಮಾರಾಟದ ಬೆಲೆಯೂ ಇಳಿಯುವುದು. ಆದುದರಿಂದ ಕೊಳ್ಳುವ ಮುನ್ನ ನಮ್ಮ ಊರಿನಲ್ಲಿಯೋ ಜಿಲ್ಲೆಯ ಮುಖ್ಯಪಟ್ಟಣದಲ್ಲಿಯೋ ಈ ಕಾರನ್ನು ಬಲ್ಲ ಗ್ಯಾರೇಜುಗಳೆಷ್ಟು, ಮುಂದಿನ ಬಂಪರು, ದೀಪ, ಕ್ಲಚ್ಚು ಇವು ಎಷ್ಟು ದಿನಗಳಲ್ಲಿ ಎಷ್ಟು ಬೆಲೆಗೆ ದೊರೆಯುವುವು ಎಂದು ಕೇಳಿ ಬರೆದುಕೊಳ್ಳಬೇಕು. ಮಾರುವವನು ಉತ್ತರಿಸಲು ತಡವರಿಸಿದರೆ ಅದೂ ಒಂದು ಉತ್ತರವೇ.

ಹಗುರತನದ ಗುಣವನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಪಕ್ಷವನ್ನು ಮರೆಮಾಚುವುದು ನ್ಯಾಯವಲ್ಲ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿ ಐದರವರೆಗೆ ನಕ್ಷತ್ರಗಳನ್ನು ಕೊಡುವುದು. ನಾವು ಮೇಲೆ ಹೇಳಿದ ಸ್ವಿಫ್ಟಿಗೆ ೨೦೧೮ರಲ್ಲಿ ಎರಡು ನಕ್ಷತ್ರಗಳೂ, ನಿಯಮಗಳು ಬಿಗಿಯಾದ ಮೇಲೆ ೨೦೨೨ರಲ್ಲಿ ಒಂದೇ ನಕ್ಷತ್ರವೂ ದೊರೆತವು. ಎರಡು ಗಾಳಿಚೀಲಗಳಿದ್ದ ಪೋಲೋಗೆ ೨೦೧೪ರಲ್ಲಿ ನಾಲ್ಕು. ಆಲ್ಟ್ರೋಜಿಗೆ ೨೦೨೦ರಲ್ಲಿ ಐದು. ಲೆಕ್ಕದಲ್ಲಿ ಸರಿಸಮವಾಗಿ ನಿಂತ ಎರಡು ಕಾರುಗಳು ಇಲ್ಲಿ ಸರಿಸಮವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮಾದರಿ ಬದಲಾದಂತೆ ಫಲಿತಾಂಶವೂ ಬದಲಾಗುವುದು. ೨೦೨೩ರಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ನಡೆಯುತ್ತಿದೆ. ಆದಕಾರಣ ನೀವು ಕೊಳ್ಳಲಿರುವ ಮಾದರಿಗೆ, ಅದು ತಯಾರಾದ ವರ್ಷಕ್ಕೆ ಸಂಬಂಧಿಸಿದ ಫಲಿತಾಂಶವನ್ನೇ ಕೇಳಬೇಕು. ಜಾರುವ ಕಾರನ್ನು ಹಿಡಿದು ನಿಲ್ಲಿಸುವ ಇ.ಎಸ್.ಸಿ. ಎಂಬ ಏರ್ಪಾಡು ಇದೆಯೇ ಎಂದೂ ಕೇಳಬೇಕು. ಮಳೆಗಾಲದಲ್ಲಿ ಚಾರ್ಮಾಡಿ ಇಳಿಯುವವನಿಗೆ ಹತ್ತು ಅಶ್ವಶಕ್ತಿಗಿಂತ ಆ ಮೂರಕ್ಷರ ಹೆಚ್ಚು ಬೆಲೆಯುಳ್ಳದ್ದು. ಸಂಸಾರವಂದಿಗರಾದವರು ಈ ವಿಷಯದಲ್ಲಿ ಹುರುಪಿಗೂ ಹಣಕ್ಕೂ ಎರಡನೆಯ ಸ್ಥಾನವನ್ನೇ ಕೊಡತಕ್ಕದ್ದು.

ಈಗ ಗೃಹಿಣಿಯರು ಕಾದಿರುವ ಖರ್ಚಿನ ಲೆಕ್ಕಕ್ಕೆ ಬರೋಣ. ಅಂಗಡಿಯ ಫಲಕದಲ್ಲಿ ಬರೆದ ಬೆಲೆ ಖರ್ಚಿನ ಆರಂಭ ಮಾತ್ರ. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆಯು ಬೆಲೆಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಐದರಿಂದ ಹತ್ತು ಲಕ್ಷದವರೆಗಿನ ಪೆಟ್ರೋಲ್ ಕಾರಿಗೆ ನೂರಕ್ಕೆ ೧೪, ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ನೂರಕ್ಕೆ ೧೭ ರಂತೆ ತೆರಿಗೆ. ಆ ತೆರಿಗೆಯ ಮೇಲೆ ನೂರಕ್ಕೆ ೧೧ ರಂತೆ ಸೆಸ್ಸು. ಒಂಬತ್ತು ಲಕ್ಷದ ಕಾರಿಗೆ ಇವೆರಡೂ ಸೇರಿ ೧,೩೯,೮೬೦ ರೂಪಾಯಿ ಆಗುವುದು. ಹತ್ತೂವರೆ ಲಕ್ಷದ ಕಾರಿಗೆ ೧,೯೮,೧೩೫ ರೂಪಾಯಿ. ಒಂದೂವರೆ ಲಕ್ಷ ಹೆಚ್ಚು ಕೊಡುತ್ತಿದ್ದೇವೆಂದು ತಿಳಿದವನು ವಾಸ್ತವವಾಗಿ ಎರಡು ಲಕ್ಷಕ್ಕೂ ಮೀರಿ ಕೊಡುತ್ತಿರುವನು! ಹುರುಪಿನ ಮಾದರಿಗಳು ಹಲವು ವೇಳೆ ಈ ಹತ್ತು ಲಕ್ಷದ ಮೆಟ್ಟಿಲಿನ ಆಚೀಚೆಯೇ ಇರುವುದರಿಂದ, ಮುಂಗಡ ಕೊಡುವ ಮುನ್ನ ಆ ದಿನದ ದರದಲ್ಲಿ ರಸ್ತೆಗಿಳಿಯುವ ಒಟ್ಟು ಬೆಲೆಯನ್ನು ಬರಹದಲ್ಲಿ ಪಡೆಯಬೇಕು.

ವಿಮೆಯಲ್ಲಿಯೂ ಹೀಗೆಯೇ ಮೆಟ್ಟಿಲುಗಳಿವೆ. ಇತರರಿಗೆ ಆಗುವ ಹಾನಿಗಾಗಿ ಕಡ್ಡಾಯವಾಗಿ ಮಾಡಿಸಬೇಕಾದ ವಿಮೆಗೆ ೨೦೨೨ರಲ್ಲಿ ಪ್ರಕಟವಾದ ದರಗಳಂತೆ ವರ್ಷಕ್ಕೆ, ೧,೦೦೦ ಸಿ.ಸಿ. ವರೆಗಿನ ಕಾರಿಗೆ ೨,೦೯೪ ರೂಪಾಯಿ, ೧,೫೦೦ ಸಿ.ಸಿ. ವರೆಗೆ ೩,೪೧೬ ರೂಪಾಯಿ, ಅದಕ್ಕೆ ಮೇಲ್ಪಟ್ಟರೆ ೭,೮೯೭ ರೂಪಾಯಿ. ಹೊಸ ಕಾರಿಗೆ ಈ ವಿಮೆಯನ್ನು ಮೂರು ವರ್ಷಗಳಿಗೆ ಒಟ್ಟಾಗಿ ಕೊಳ್ಳಬೇಕೆಂಬ ನಿಯಮ ೨೦೧೮ರಿಂದ ಬಂದಿದೆ. ಸ್ವಂತ ಕಾರಿನ ಹಾನಿಗೆ ಮಾಡಿಸುವ ವಿಮೆಯು ಬೇರೆ; ಅದು ಕಾರಿನ ಬೆಲೆಯನ್ನೂ ಅವಲಂಬಿಸಿರುವುದು.

ಆದರೆ ಎಲ್ಲಕ್ಕಿಂತ ದೊಡ್ಡ ಖರ್ಚು ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಅದು ಕಾರಿನ ಬೆಲೆ ಕುಸಿಯುವುದು. ವಿಮೆಯವರ ಪಟ್ಟಿಯ ಮೇರೆಗೆ ಎರಡನೆಯ ವರ್ಷದಲ್ಲಿ ನೂರಕ್ಕೆ ೨೦, ಮೂರನೆಯದರಲ್ಲಿ ೩೦, ನಾಲ್ಕನೆಯದರಲ್ಲಿ ೪೦, ಐದನೆಯದರಲ್ಲಿ ೫೦ರಷ್ಟು ಮೌಲ್ಯವನ್ನು ಕಳೆಯುವರು. ಒಂಬತ್ತು ಲಕ್ಷದ ಕಾರು ಐದು ವರ್ಷಗಳಲ್ಲಿ ಅರ್ಧವಾದರೆ ತಿಂಗಳಿಗೆ ೭,೫೦೦ ರೂಪಾಯಿ ಕರಗಿದಂತಾಯಿತು. ಮನೆಬಾಗಿಲಲ್ಲಿ ನಿಂತಿದ್ದರೂ ಸರಿಯೇ, ಓಡಿದರೂ ಸರಿಯೇ. ಪೆಟ್ರೋಲಿನ ಲೆಕ್ಕವು ಇದರ ಮುಂದೆ ಚಿಕ್ಕದು. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರು ಓಡುವ ಮನೆಯಲ್ಲಿ ಲೀಟರಿಗೆ ೧೮ ಕಿಲೋಮೀಟರು ಕೊಡುವ ಕಾರಿಗೂ ೧೨ ಕೊಡುವ ಕಾರಿಗೂ ಸುಮಾರು ೨೭೮ ಲೀಟರಿನ ಅಂತರ. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ ೨೭,೮೦೦ ರೂಪಾಯಿ, ತಿಂಗಳಿಗೆ ಸುಮಾರು ೨,೩೦೦. ಮೈಲೇಜಿನ ವಿಚಾರದಲ್ಲಿ ಮಾರುವವನೊಡನೆ ಗಂಟೆಗಟ್ಟಲೆ ವಾದಿಸುವ ಹಿರಿಯರು ಬೆಲೆ ಕುಸಿಯುವ ವಿಚಾರವನ್ನು ಕೇಳದೆ ಬರುವುದು ಆಶ್ಚರ್ಯವೇ ಸರಿ.

ಟೈರಿನ ಮೇಲೂ ಕಣ್ಣಿಡಬೇಕು. ಅದರ ಮಗ್ಗುಲಲ್ಲಿ ೧೯೫/೫೫ ಆರ್ ೧೬ ಎಂಬಂಥ ಬರಹವಿರುವುದು. ಅಗಲ ೧೯೫ ಮಿಲಿಮೀಟರು, ಮಗ್ಗುಲಿನ ಎತ್ತರ ಅಗಲದ ನೂರಕ್ಕೆ ೫೫ ಪಾಲು, ಒಳಗಿನ ಚಕ್ರ ೧೬ ಅಂಗುಲ ಎಂದು ಇದರ ಅರ್ಥ. ಹೀಗೆ ಎಣಿಸಿದರೆ ಮಗ್ಗುಲಿನ ಎತ್ತರ ೧೦೭ ಮಿಲಿಮೀಟರು. ೧೮೫/೬೫ ಆರ್ ೧೫ ಟೈರಿನಲ್ಲಾದರೆ ೧೨೦. ಈ ೧೩ ಮಿಲಿಮೀಟರು ರಬ್ಬರೇ ಹೊಂಡಕ್ಕೆ ಬಿದ್ದಾಗ ಚಕ್ರವನ್ನು ಕಾಪಾಡುವುದು. ತೆಳು ಮಗ್ಗುಲಿನ ಟೈರು ತಿರುವಿನಲ್ಲಿ ಚೆನ್ನಾಗಿ ಮಾತು ಕೇಳುವುದು ನಿಜ. ಆದರೆ ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆಗಳಲ್ಲಿ ಅದರ ಚಕ್ರವು ಬೇಗ ಸೊಟ್ಟಗಾಗುವುದೂ ನಿಜ. ಚೆಂದಕ್ಕಾಗಿ ಚಕ್ರವನ್ನು ದೊಡ್ಡದು ಮಾಡಿಸುವವರು ಚೆಂದಕ್ಕೂ ಕೊಟ್ಟು ಹೊಂಡಕ್ಕೂ ಕೊಡುವರು.

ಬೆಲೆ ಕುಸಿಯುವುದೇ ದೊಡ್ಡ ನಷ್ಟವಾದರೆ, ಆ ನಷ್ಟವನ್ನು ಇನ್ನೊಬ್ಬರು ಈಗಾಗಲೇ ಭರಿಸಿರುವ ಕಾರನ್ನು ಕೊಳ್ಳುವುದು ಜಾಣತನವಲ್ಲವೆ? ಮೂರು ನಾಲ್ಕು ವರ್ಷ ಓಡಿದ, ಒಬ್ಬನೇ ಒಡೆಯನ ಕೈಯಲ್ಲಿದ್ದ ಹುರುಪಿನ ಕಾರು ಸಿಕ್ಕಿದರೆ ನಾವು ಹೊಸದಕ್ಕಿಂತ ಅದನ್ನೇ ಮೆಚ್ಚುವೆವು. ಆದರೆ ಇಂಥ ಕಾರುಗಳನ್ನು ಮನಬಂದಂತೆ ಓಡಿಸಿರುವವರೂ ಬಹಳ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಮಾರುವವನ ಮಾತನ್ನು ಕೇಳುತ್ತಲೇ ಎತ್ತಿನ ಹಲ್ಲು ಬಿಡಿಸಿ ನೋಡುವನು, ಗೊರಸು ಮುಟ್ಟುವನು, ಸುಳಿ ಹುಡುಕುವನು, ನಡೆಸಿ ನೋಡುವನು. ಕಾರಿಗೂ ಅದೇ ಪರೀಕ್ಷೆ ಬೇಕು.

ಇಂಜಿನು ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಬೇಕು. ಮೊದಲೇ ಬಿಸಿಮಾಡಿಟ್ಟಿದ್ದರೆ ಸಂಶಯಪಡಬೇಕು. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ; ಬೆಚ್ಚಗಾದ ಮೇಲೂ ದಟ್ಟವಾದ ಬಿಳಿಯ ಹೊಗೆ ಬರುತ್ತಿದ್ದರೆ ತಂಪುನೀರು ಒಳಗೆ ಸೋರುತ್ತಿರಬಹುದು; ಪೆಟ್ರೋಲ್ ಕಾರಿನ ಹೊಗೆ ಕಪ್ಪಾಗಿದ್ದರೆ ಇಂಧನ ಹೆಚ್ಚಾಗಿ ಹೋಗುತ್ತಿದೆ. ಮೇಲಿನ ಗೇರಿನಲ್ಲಿ ಅದುಮಿದಾಗ ಇಂಜಿನಿನ ಸದ್ದು ಏರಿ ಕಾರು ಮಾತ್ರ ಮುಂದುವರಿಯದಿದ್ದರೆ ಕ್ಲಚ್ಚು ಸವೆದಿದೆ. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರಗಳ ಜೋಡಣೆ ಸೊಟ್ಟಗಾಗಿದೆ, ಇಲ್ಲವೆ ಕಾರು ಎಲ್ಲಿಯೋ ಬಡಿದುಕೊಂಡಿದೆ. ಬಾಗಿಲುಗಳ ಸಂದು ಒಂದೇ ಸಮನಾಗಿದೆಯೇ, ಬಣ್ಣ ಒಂದೇ ಛಾಯೆಯದೇ ಎಂದು ಹಗಲು ಬೆಳಕಿನಲ್ಲಿ ನೋಡಬೇಕು. ಸರ್ವಿಸ್ ಪುಸ್ತಕ, ವಿಮೆಯ ಪರಿಹಾರ ಪಡೆದ ಚರಿತ್ರೆ, ಬಾಕಿ ದಂಡ ಇವನ್ನು ವಿಚಾರಿಸಬೇಕು. ಸಾಲದ ಮೇಲೆ ಕೊಂಡ ಕಾರಾದರೆ ಬ್ಯಾಂಕಿನ ತೀರುವಳಿ ಪತ್ರವೂ ೩೫ನೆಯ ನಮೂನೆಯೂ, ಒಡೆತನದ ವರ್ಗಾವಣೆಗೆ ೨೯, ೩೦ನೆಯ ನಮೂನೆಗಳೂ ಸಹಿಯಾಗಿ ಕೈಸೇರುವವರೆಗೆ ಪೂರ್ತಿ ಹಣ ಕೊಡಬಾರದು. ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ಇಂಜಿನಿನ ಗಣಕವನ್ನು ತಿದ್ದಿಸಿ ಶಕ್ತಿ ಹೆಚ್ಚಿಸಿದೆ ಎಂದು ಹೆಮ್ಮೆಯಿಂದ ಹೇಳುವವನ ಕಾರನ್ನು ನಮಸ್ಕಾರ ಮಾಡಿ ಬಿಟ್ಟುಬರಬೇಕು. ಕಂಪನಿ ಎಣಿಸದ ಬಲವನ್ನು ಗೇರೂ ಕ್ಲಚ್ಚೂ ಎಷ್ಟು ದಿನ ಹೊತ್ತಾವು? ಇದಲ್ಲದೆ, ತಯಾರಕರು ಕೊಟ್ಟ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ತೀರ್ಪಿತ್ತಿದೆ. ಅಪಘಾತವಾದ ದಿನ ವಿಮೆಯವರು ಮೊದಲು ಹುಡುಕುವುದು ಇಂಥ ಕಾರಣಗಳನ್ನೇ.

ಕೊನೆಯ ಪರೀಕ್ಷೆಯನ್ನು ಮನೆಮಂದಿಯೆಲ್ಲ ಸೇರಿ ಮಾಡಬೇಕು. ಕಾರನ್ನು ನೋಡಲು ಮಗನನ್ನೊಬ್ಬನನ್ನೇ ಕಳುಹಿಸಬಾರದು. ಮಂಡಿನೋವಿನ ಅತ್ತೆಯವರು ಹಿಂದಿನ ಸೀಟಿಗೆ ಹತ್ತಿ ಇಳಿಯಬೇಕು. ಓಡಿಸುವ ಸೊಸೆಯೂ ಮಗಳೂ ಕ್ಲಚ್ಚು ತುಳಿದು ನೋಡಬೇಕು. ನಾಲ್ವರನ್ನು ಕೂರಿಸಿಕೊಂಡು ಮನೆಯ ಹತ್ತಿರದ ಅತಿ ಎತ್ತರದ ಹಂಪಿನ ಮೇಲೆ ದಾಟಿಸಿ, ಹೊಟ್ಟೆ ತಗಲುವುದೇ ಎಂದು ಕಿವಿಗೊಡಬೇಕು. ಇಷ್ಟಾದ ಮೇಲೆ ಓಡಿಸುವ ಆಸೆಯುಳ್ಳವರು ಒಂಟಿಯಾಗಿ ಒಂದು ತಿರುವುಮುರುವಿನ ರಸ್ತೆಯಲ್ಲಿ ಅದನ್ನು ನಡೆಸಿ ನೋಡಲಿ.

ಆಗುಂಬೆಯ ಘಟ್ಟದಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಅಲ್ಲಿ ೨೦೦ ಅಶ್ವಶಕ್ತಿಯ ಕಾರಿನವನಿಗೂ ೮೦ ಅಶ್ವಶಕ್ತಿಯ ಕಾರಿನವನಿಗೂ ದಾರಿ ಒಂದೇ, ಎದುರಿಗೆ ಬರುವ ಬಸ್ಸೂ ಒಂದೇ. ದೊಡ್ಡ ಕಾರಿನವನು ತನ್ನ ಬಲದ ಅರ್ಧವನ್ನೂ ಬಳಸಲಾರದೆ ಬೇಸರಪಡುವನು. ಸಣ್ಣ ಕಾರಿನವನು ಎರಡನೆಯ ಗೇರಿಗೂ ಮೂರನೆಯದಕ್ಕೂ ಬದಲಾಯಿಸುತ್ತ, ನಿಯಮ ಮೀರದೆ, ತನ್ನ ಕಾರಿನ ಪೂರ್ಣ ಯೋಗ್ಯತೆಯನ್ನು ಅನುಭವಿಸುವನು. ಅದಕ್ಕೂ ಮೀರಿದ ವೇಗದ ಆಸೆಯಿರುವವರಿಗೆ ಕೊಯಮತ್ತೂರಿನ ಕರಿ, ಚೆನ್ನೈ ಸಮೀಪದ ಇರುಂಗಾಟುಕೋಟೆ ಮೊದಲಾದ ಸ್ಥಳಗಳಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಹಾದಿಗಳಿವೆ. ತಲೆಗೆ ಶಿರಸ್ತ್ರಾಣ ಧರಿಸಿ, ಗುರುಗಳಿಂದ ಕಲಿತು, ಅಲ್ಲಿ ಓಡಿಸಲಿ. ಸಾರ್ವಜನಿಕ ರಸ್ತೆಯು ಶಾಲೆಗೆ ಹೋಗುವ ಮಕ್ಕಳದ್ದೂ ಸಂತೆಯಿಂದ ಬರುವ ಮುದುಕಿಯದ್ದೂ ಆಗಿದೆ.

ಒಟ್ಟಿನಲ್ಲಿ ನಮ್ಮ ಸಲಹೆಯ ಕ್ರಮ ಇದು: ಮೊದಲು ಡಿಕ್ಕಿಯ ಪರೀಕ್ಷೆಯಲ್ಲಿ ಗಟ್ಟಿಯೆನಿಸಿದ ಕಾರುಗಳನ್ನು ಆರಿಸಿಕೊಳ್ಳಿ. ಅವುಗಳಲ್ಲಿ ನಿಮ್ಮ ಊರಿನಲ್ಲಿ ರಿಪೇರಿಯೂ ಬಿಡಿಭಾಗವೂ ಸುಲಭವಾದುವನ್ನು ಉಳಿಸಿಕೊಳ್ಳಿ. ಉಳಿದವುಗಳಲ್ಲಿ ಐದು ವರ್ಷಗಳ ಖರ್ಚನ್ನು ತೆರಿಗೆ, ವಿಮೆ, ಪೆಟ್ರೋಲು, ಟೈರು, ಬೆಲೆಯ ಕುಸಿತ ಇವ್ಯಾವುದನ್ನೂ ಬಿಡದೆ ಬರೆದು, ಮನೆಗೆ ತಾಳುವುವನ್ನು ಇಟ್ಟುಕೊಳ್ಳಿ. ಕೊನೆಗೆ ಉಳಿಯುವ ಎರಡು ಮೂರರಲ್ಲಿ ಹಗುರಾದುದನ್ನು, ಕೈಯ ಮಾತು ಕೇಳುವುದನ್ನು, ಓಡಿಸುವವರ ಮನಸ್ಸಿಗೆ ಒಪ್ಪಿದುದನ್ನು ತೆಗೆದುಕೊಳ್ಳಿ. ಮೊದಲ ಮೂರು ಮೆಟ್ಟಿಲುಗಳಲ್ಲಿ ಹಿರಿಯರ ಮಾತು ನಡೆಯಲಿ. ಕೊನೆಯ ಮೆಟ್ಟಿಲಿನಲ್ಲಿ ಕಿರಿಯರ ಮಾತನ್ನು ಹಿರಿಯರು ಸಂತೋಷದಿಂದ ನಡೆಸಿಕೊಡಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯಲ್ಲಿ ಕಾಲನ್ನು ಮುದುಡಿಕೊಂಡೇ ಇರಬೇಕೆಂದು ಎಲ್ಲಿಯೂ ಹೇಳಿಲ್ಲವಷ್ಟೆ.